ಜೋಗುಳ ಡಾಕ್ಟರ ನಿದ್ದೆ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೊಟ್ಟೆಯ ಮೇಲೆ ಒಂದು ಕೈ ಒತ್ತಿ ಹಿಡಿದು ಮೇಜಿನ ಎದುರು ನಿಂತೇ ಇದ್ದಳು. ಜೊತೆಗೆ ಬಂದಿದ್ದ ಅವಳ ಅಕ್ಕ ಭುಜ ಹಿಡಿದು ಕೂರಿಸಲು ನೋಡಿದಳು.

"ಬಿಡಕ್ಕ. ಕೂತ್ರೆ ಒರಗಬೇಕು ಅನ್ಸುತ್ತೆ, ಒರಗಿದ್ರೆ ಕಣ್ಣು ಮುಚ್ಚಿಹೋಗುತ್ತೆ."

ದೂರು ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೆಬಲ್ ಕಾಗದ ಸರಿ ಮಾಡಿಕೊಂಡರು. ಬೇರೆಯವರು ಬರೆದ ಪಂಚನಾಮೆಯಲ್ಲಿ ಒತ್ತಕ್ಷರ ತಿದ್ದುವ ಚಟ ಇದ್ದದ್ದರಿಂದ ಠಾಣೆಯಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು.

"ಕೆಲಸ?"

"ಬಸ್ ಕಂಡಕ್ಟರ್."

"ಏನು ದೂರು?"

"ಶುಕ್ರವಾರ ನನಗೆ ಆಪರೇಷನ್ ಆಯ್ತು. ಪಿತ್ತಕೋಶದಲ್ಲಿ ಕಲ್ಲಿತ್ತು. ಹೊಟ್ಟೆ ಕೊಯ್ಯೋವಾಗ ನನಗೆ ಎಚ್ಚರ ಇತ್ತು."

ಮೇಷ್ಟ್ರ ಪೆನ್ನು ನಿಂತಿತು. "ಎಚ್ಚರ ಅಂದ್ರೆ?"

"ಈಗ ನಿಮ್ಮ ಮುಂದೆ ಇದೀನಲ್ಲ, ಇಷ್ಟು."

"ಮತ್ತೆ ಕೂಗಬಾರದಿತ್ತೇನಮ್ಮ?"

"ತುಂಬಿದ ಬಸ್ಸಲ್ಲಿ ಹಿಂದಿನ ಬಾಗಿಲಿಂದ ಕೂಗಿದ್ರೆ ಡ್ರೈವರಿಗೆ ಕೇಳಿಸೋ ಗಂಟಲು ಸಾರ್ ನಂದು. ಅವತ್ತು ಒಂದು ರೆಪ್ಪೆ ಅಲ್ಲಾಡಿಸೋಕೆ ಆಗ್ಲಿಲ್ಲ. ಆಸ್ಪತ್ರೇಲಿ ಹೇಳಿದೆ. ಕನಸು ಬಿದ್ದಿರುತ್ತೆ ಅಂದ್ರು."

ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಎದ್ದು ಬಂದಿದ್ದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಕುರ್ಚಿ ಎಳೆದುಕೊಳ್ಳದೆ ಅವಳ ಎದುರು ತಾವೂ ನಿಂತೇ ಕೇಳಿದರು.

"ಏನೇನು ಕೇಳಿಸ್ತು?"

"ಸರ್ಜನ್ ನಗ್ತಿದ್ರು. ಈ ಯಮ್ಮನ ಹೊಟ್ಟೇಲಿ ಗೋಲಿ ಆಡೋಷ್ಟು ಕಲ್ಲಿದೆ ಅಂದ್ರು. ಆಮೇಲೆ ಅವ್ರ ಮಗಳ ವಿಷಯ. ಅವಳು ಸಾಕಿದ ನಾಯಿ ಸತ್ತಿದ್ದನ್ನ ಪರೀಕ್ಷೆ ಮುಗಿಯೋವರೆಗೆ ಇವ್ರು ಮುಚ್ಚಿಟ್ರಂತೆ. ಅದಕ್ಕೆ ಅವಳು ಮಾತು ಬಿಟ್ಟಿದಾಳೆ ಅಂತ."

"ನೋವು?"

"ಮೊದಲು ಹೊಕ್ಕಳ ಹತ್ರ ಸುಟ್ಟ ಹಾಗಾಯ್ತು. ಆಮೇಲೆ ಒಳಗೆ ಯಾರೋ ಕೈ ಹಾಕಿ ಎಳೆದ ಹಾಗೆ. ನಾನು ಸತ್ತೋಗಿದೀನಿ, ಇವ್ರಿಗೆ ಇನ್ನೂ ಗೊತ್ತಾಗಿಲ್ಲ ಅಂದ್ಕೊಂಡೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಬರೆದುಕೊಂಡದ್ದನ್ನು ಓದಿ ಹೇಳಬೇಕಿತ್ತು, ಅದು ನಿಯಮ. ಕೊನೆಯ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟರು. ಇನ್ಸ್‌ಪೆಕ್ಟರ್ ಕಾಗದ ತೆಗೆದುಕೊಂಡು ತಾವೇ ಓದಿ ಮುಗಿಸಿದರು.

ಸರ್ಜನ್ನರ ನರ್ಸಿಂಗ್ ಹೋಮ್ ಮೂರು ಅಂತಸ್ತಿನದು. ಹನ್ನೆರಡು ಗಂಟೆಗೆ ಅವರ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಮತ್ತು ಮೇಷ್ಟ್ರು ಕೂತಿದ್ದರು. ಸರ್ಜನ್ ಗಡಿಯಾರ ನೋಡುತ್ತಲೇ ಮಾತಾಡಿದರು.

"ನೋಡಿ, ಅನಸ್ತೇಷಿಯಾ ಇಳಿಯೋ ಹೊತ್ತಲ್ಲಿ ಏನೇನೋ ಕನಸು ಬೀಳುತ್ತೆ. ಇದಕ್ಕೆಲ್ಲ ಪೊಲೀಸು ಯಾಕೆ?"

"ನಿಮ್ಮ ಮಗಳ ನಾಯಿ ಸತ್ತಿದ್ದು ಆಕೆ ಕನಸಲ್ಲಿ ಹೇಗೆ ಬಂತು?"

ಸರ್ಜನ್ನರ ಕೈ ಗಡಿಯಾರದ ಮೇಲೆಯೇ ಉಳಿಯಿತು. "ಅದನ್ನ ನಾನು ಹೊರಗೆ ಯಾರಿಗೂ ಹೇಳಿಲ್ಲ. ಟೇಬಲ್ ಹತ್ರ ನರ್ಸಿಗೆ ಹೇಳಿದ್ದು."

"ಯಾವಾಗ?"

"ಪಿತ್ತಕೋಶ ಬಿಡಿಸ್ತಿದ್ದೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಕೆಗೆ ಅಷ್ಟೂ ಹೊತ್ತು ಎಚ್ಚರ ಇತ್ತಾ?"

"ಇತ್ತು."

ಸರ್ಜನ್ ತಮ್ಮ ಎರಡು ಕೈಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತ ಕೂತರು.

ವೈದ್ಯರ ಮೇಲಿನ ದೂರು ಆದ್ದರಿಂದ ತಜ್ಞರ ಅಭಿಪ್ರಾಯ ಬೇಕಿತ್ತು. ಸರ್ಕಾರಿ ಆಸ್ಪತ್ರೆಯ ಹಿರಿಯ ಅರಿವಳಿಕೆ ವೈದ್ಯೆ ಅದೇ ಮಧ್ಯಾಹ್ನ ಬಂದರು. ಆಪರೇಷನ್ ಥಿಯೇಟರಿನ ಉಪಕರಣಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು: ಉಸಿರಾಡಿಸುವ ಯಂತ್ರ, ಗಾಳಿ ತುಂಬುವ ರಬ್ಬರ್ ಚೀಲ, ನಾಡಿ ಮತ್ತು ರಕ್ತದೊತ್ತಡ ತೋರಿಸುವ ಪರದೆ, ಔಷಧವನ್ನು ಹನಿಹನಿಯಾಗಿ ನರಕ್ಕೆ ತಳ್ಳುವ ಸಿರಿಂಜ್ ಪಂಪು.

"ನಮ್ಮ ಹತ್ರ ಮುಖ್ಯವಾಗಿ ಮೂರು ಥರದ ಮದ್ದು ಮೇಡಂ. ಒಂದು ನಿದ್ದೆಗೆ, ಒಂದು ನೋವಿಗೆ, ಇನ್ನೊಂದು ಮೈಯ ಮಾಂಸಖಂಡ ಸಡಿಲ ಮಾಡೋಕೆ. ಮೂರನೇದು ಮೈ ಕಟ್ಟಿಹಾಕುತ್ತೆ ಅಷ್ಟೇ. ಬುದ್ಧಿ ಮುಚ್ಚಲ್ಲ."

"ನಿದ್ದೆ ಮದ್ದು ಇಲ್ದೆ ಮೂರನೇದು ಮಾತ್ರ ಕೊಟ್ರೆ?"

"ಜೀವಂತ ಹೂತ ಹಾಗೆ."

ಆಕೆ ಪಂಪಿನ ಕಡೆ ಬೆರಳು ಮಾಡಿದರು. ಹೆಚ್ಚಿನ ರೋಗಿಗಳಿಗೆ ಗ್ಯಾಸಿನಲ್ಲಿ ನಿದ್ದೆ ಕೊಡುತ್ತಾರೆ. ಗ್ಯಾಸ್ ಕೊಟ್ಟರೆ ವಾಂತಿ ಆಗುವವರಿಗೆ ಈ ಪಂಪಿನಲ್ಲಿ. ಕಂಡಕ್ಟರಿಗೆ ಪಂಪು ಹಾಕಿದ್ದರು. ಅದರಲ್ಲಿ ಹೋಗುವ ನಿದ್ದೆ ಮದ್ದು ನೋಡಲು ಹಾಲಿನ ಹಾಗೆ ಇರುತ್ತದೆ.

"ಹಾಲಿನ ಹಾಗೆ ಕಾಣೋದು ಬೇರೆ ಏನಾದ್ರೂ ಇದೆಯಾ ಇಲ್ಲಿ?"

ವೈದ್ಯೆ ಕಪಾಟು ತೆಗೆದು ಒಂದು ಬಾಟಲಿ ಹೊರಗಿಟ್ಟರು. ಊಟ ಸೇರದ ರೋಗಿಗಳಿಗೆ ನರದಲ್ಲಿ ಕೊಡುವ ಕೊಬ್ಬಿನ ದ್ರಾವಣ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರ ಹಾಗಿದ್ದವು.

ಶುಕ್ರವಾರ ಬಳಸಿದ ಸಿರಿಂಜು ಕಸದೊಂದಿಗೆ ಹೋಗಿತ್ತು. ಗುರುವಾರ ಬೆಳಿಗ್ಗೆ ಒಬ್ಬ ಮುದುಕರಿಗೆ ಪಂಪು ಹಾಕಿ ಮಾಡುವ ಆಪರೇಷನ್ ಇತ್ತು. ಸರ್ಜನ್ನಿಗೆ ಮಾತ್ರ ತಿಳಿಸಿ ಇನ್ಸ್‌ಪೆಕ್ಟರ್ ಎಂಟೂವರೆಗೆ ಇಬ್ಬರು ಪಂಚರೊಡನೆ ಥಿಯೇಟರಿಗೆ ಹೋದರು. ಮುದುಕರು ಇನ್ನೂ ಹೊರಗಿನ ಸ್ಟ್ರೆಚರ್ ಮೇಲೆ ಇದ್ದರು. ಅವರ ಕೈ ಹಿಡಿದುಕೊಂಡು ನರ್ಸಿಂಗ್ ಹೋಮಿನ ಅರಿವಳಿಕೆ ವೈದ್ಯರು ಮೆಲ್ಲಗೆ ಮಾತಾಡುತ್ತಿದ್ದರು.

"ಏನೂ ಗೊತ್ತಾಗಲ್ಲ ಯಜಮಾನ್ರೆ. ಒಂದು ಒಳ್ಳೆ ನಿದ್ದೆ, ಅಷ್ಟೇ."

ಅವರ ದನಿ ಕೇಳಿದರೇ ಅರ್ಧ ನಿದ್ದೆ ಬರುತ್ತದೆ ಎಂದು ನರ್ಸುಗಳು ಅವರಿಗೆ ಜೋಗುಳ ಡಾಕ್ಟ್ರು ಎಂದು ಹೆಸರಿಟ್ಟಿದ್ದರು. ನಲವತ್ತೈದರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಪಂಪಿಗೆ ಹಾಕಿಟ್ಟ ಸಿರಿಂಜನ್ನು ಪೊಲೀಸರು ತೆಗೆದು ಮೊಹರು ಮಾಡುವಾಗಲೂ ಅವರು ದನಿ ಎತ್ತಲಿಲ್ಲ.

"ಇದನ್ನ ತುಂಬಿದ್ದು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

"ನಮ್ಮ ಟೆಕ್ನಿಷಿಯನ್. ದಿನಾ ಅವನೇ ತುಂಬೋದು."

ಬಾಗಿಲ ಬಳಿ ನಿಂತಿದ್ದ ಟೆಕ್ನಿಷಿಯನ್ ತಿರುಗಿ ನೋಡಿದ. "ಸಾರ್, ನಾನು ಬಾಟಲಿ ತೆಗೆದು ಕೊಡ್ತೀನಿ. ತುಂಬೋದು ನೀವಲ್ವಾ?"

ಜೋಗುಳ ಡಾಕ್ಟರು ಬೇಸರದಿಂದ ತಲೆಯಾಡಿಸಿದರು. ಅವನ ಸುಳ್ಳಿಗಿಂತ ಅವನ ಸ್ಥಿತಿಗೆ ಮರುಗಿದವರ ಹಾಗಿತ್ತು ಅದು.

ಇನ್ಸ್‌ಪೆಕ್ಟರ್ ಥಿಯೇಟರಿಗೆ ಬೀಗ ಹಾಕಿಸಿದರು. ಸೋಮವಾರ ಪ್ರಯೋಗಾಲಯದ ವರದಿ ಬಂತು. ಸಿರಿಂಜಿನಲ್ಲಿ ಕೊಬ್ಬಿನ ದ್ರಾವಣವೇ ಹೆಚ್ಚು, ನಿದ್ದೆ ಮದ್ದು ಮೂರನೇ ಒಂದು ಪಾಲೂ ಇರಲಿಲ್ಲ. ಅಂದರೆ ಒಳ್ಳೆಯ ಮದ್ದು ಯಾರದೋ ಕೈ ಸೇರುತ್ತಿತ್ತು. ಟೆಕ್ನಿಷಿಯನ್ನನನ್ನು ಠಾಣೆಗೆ ಕರೆಸಿ ವಿಚಾರಿಸಿದರು. ಅವನು ಒಂದೇ ಮಾತು ಹೇಳಿದ, ಮತ್ತೆ ಮತ್ತೆ ಹೇಳಿದ. ಡಾಕ್ಟರ ಹೇಳಿಕೆಯೂ ಒಂದೇ, ಅದೂ ಬದಲಾಗಲಿಲ್ಲ.

"ದೊಡ್ಡೋರ ಮಾತಿನ ಎದುರು ಚಿಕ್ಕೋನ ಮಾತು," ಅಂದರು ಮೇಷ್ಟ್ರು. "ನಮ್ಮ ಹತ್ರ ಇರೋದು ಇಷ್ಟೇ ಮೇಡಂ."

"ಒಳಗೆ ಇದ್ದೋರು ಇನ್ನೊಬ್ಬರು ಇದಾರಲ್ಲ."

ಕಂಡಕ್ಟರ ಮನೆಯಲ್ಲಿ ಎರಡು ಕೋಣೆ. ಅವಳು ಗೋಡೆಗೆ ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಮಲಗಿ ವಾರ ಕಳೆಯಿತು ಎಂದು ಅಕ್ಕ ಹೇಳಿದಳು. ಕಣ್ಣು ಮುಚ್ಚಿ ತೂಕಡಿಸಿದರೆ ಬೆಚ್ಚಿಬಿದ್ದು ಕಾಲ ಬೆರಳು ಆಡಿಸಿ ನೋಡಿಕೊಳ್ಳುತ್ತಾಳಂತೆ, ಆಡುತ್ತವೋ ಇಲ್ಲವೋ ಎಂದು.

"ಅವತ್ತು ನಿಮ್ಮನ್ನ ಯಾರಾದ್ರೂ ಮುಟ್ಟಿದ್ರಾ? ಕೊಯ್ದಿದ್ದು ಬಿಟ್ಟು."

"ಇದನ್ನ ಹೇಳಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ ಮೇಡಂ. ಅಷ್ಟು ಜನದಲ್ಲಿ ಒಬ್ರಿಗೆ ಕರುಣೆ ಇತ್ತಲ್ಲ, ಅವ್ರಿಗೆ ತೊಂದರೆ ಆಗಬಾರದು ಅಂತ."

"ಯಾರು?"

"ನನ್ನ ಕಣ್ಣಿಂದ ನೀರು ಇಳೀತಿತ್ತು. ತಲೆ ಕಡೆಯಿಂದ ಒಂದು ಕೈ ಬಂದು ಒರೆಸ್ತು. ಹತ್ತಿಯಲ್ಲಿ, ಎರಡೂ ಕಣ್ಣು. ಆಮೇಲೆ ಕಿವಿ ಹತ್ರ ಮೆತ್ತಗೆ, ತಪ್ಪಾಯ್ತಮ್ಮ, ಇನ್ನು ಸ್ವಲ್ಪ ಹೊತ್ತು, ಅಂದ್ರು."

ಮೇಷ್ಟ್ರು ಬರೆಯುವುದನ್ನು ಬಿಟ್ಟು ಇನ್ಸ್‌ಪೆಕ್ಟರ್ ಮುಖ ನೋಡಿದರು. ಆಪರೇಷನ್ ನಡೆಯುವಾಗ ರೋಗಿಯ ತಲೆಯ ಕಡೆ ಒಬ್ಬರೇ ಕೂರುತ್ತಾರೆ.

"ದನಿ ಯಾರದ್ದು?"

"ನಿದ್ದೆ ಬರುತ್ತಮ್ಮ ಅಂತ ಮೊದಲು ಕೈ ಹಿಡಿದಿದ್ರಲ್ಲ, ಅವರದ್ದೇ." ಅವಳು ಇನ್ಸ್‌ಪೆಕ್ಟರ್ ಕಡೆ ನೋಡಿದಳು, ಆಮೇಲೆ ಮೇಷ್ಟ್ರ ಕಡೆ. ನಿಧಾನವಾಗಿ ಅವಳಿಗೂ ಅರ್ಥವಾಯಿತು. "ಅವ್ರಿಗೆ ಗೊತ್ತಿತ್ತಾ?"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

"ಗೊತ್ತಿದ್ದೂ ಒರೆಸಿದ್ರಾ," ಅಂದಳು.

ಮಧ್ಯಾಹ್ನ ಎರಡಕ್ಕೆ ಥಿಯೇಟರಿನ ಬೀಗ ತೆಗೆಸಿದರು. ಸರ್ಕಾರಿ ವೈದ್ಯೆ ಬಂದಿದ್ದರು. ಯಂತ್ರ ಬಿಚ್ಚಿ ತೋರಿಸಲು ಟೆಕ್ನಿಷಿಯನ್ನನನ್ನೂ ಕರೆತಂದಿದ್ದರು. ನಾಡಿ ತೋರಿಸುವ ಪರದೆಯ ನೆನಪಿನಲ್ಲಿ ಆ ಶುಕ್ರವಾರ ಇನ್ನೂ ಅಳಿಸಿರಲಿಲ್ಲ. ಚಾಕು ಇಟ್ಟ ಹೊತ್ತಿಗೆ ಕಂಡಕ್ಟರ ನಾಡಿಯ ಗೆರೆ ಏಣಿ ಹತ್ತಿದಂತೆ ಏರಿತ್ತು. ರಕ್ತದೊತ್ತಡವೂ ಅದರ ಹಿಂದೆಯೇ. ಯಂತ್ರ ಎಚ್ಚರಿಕೆಯ ಸದ್ದು ಮಾಡಿತ್ತು. ಆ ಸದ್ದನ್ನು ಯಾರೋ ಅಡಗಿಸಿದ್ದರು. ಮತ್ತೆ ಸದ್ದಾಗಿತ್ತು, ಮತ್ತೆ ಅಡಗಿಸಿದ್ದರು.

"ಈ ಗುಂಡಿ ತಲೆ ಕಡೆ ಕೂತವರ ಕೈಗೆ ಮಾತ್ರ ಎಟಕುತ್ತೆ," ಅಂದರು ವೈದ್ಯೆ. "ಇಂಥ ನಾಡಿ ನೋಡಿದ ಯಾವ ಅರಿವಳಿಕೆ ವೈದ್ಯನೂ ಸುಮ್ಮನೆ ಕೂರಲ್ಲ ಮೇಡಂ. ಗ್ಯಾಸ್ ಪಕ್ಕದಲ್ಲೇ ಇತ್ತು. ಒಂದು ತಿರುವು ತಿರುಗಿಸಿದ್ರೆ ಆಕೆ ಮಲಗಿಬಿಡ್ತಿದ್ರು."

"ಯಾಕೆ ತಿರುಗಿಸಲಿಲ್ಲ?"

"ಗ್ಯಾಸ್ ಹಾಕಿದ್ರೆ ಎಲ್ಲರಿಗೂ ಕಾಣುತ್ತೆ. ಪಂಪಿನ ಮದ್ದು ಯಾಕೆ ಸಾಲಲಿಲ್ಲ ಅಂತ ಕೇಳ್ತಾರೆ."

ಜೋಗುಳ ಡಾಕ್ಟರು ಎರಡನೇ ಮಹಡಿಯ ಡ್ಯೂಟಿ ರೂಮಿನಲ್ಲಿ ಇದ್ದಾರೆ ಎಂದು ನರ್ಸು ಹೇಳಿದಳು. ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿದರು, ಉತ್ತರವಿಲ್ಲ. ಕಾನ್‌ಸ್ಟೆಬಲ್ ಹೆಗಲು ಕೊಟ್ಟು ತಳ್ಳಿದಾಗ ಚಿಲಕ ಕಿತ್ತು ಬಂತು.

ಅವರು ಮಂಚದ ಮೇಲೆ ಅಂಗಾತ ಮಲಗಿದ್ದರು. ಒಂದು ಕಾಲಿನ ಕಾಲುಚೀಲ ಬಿಚ್ಚಿತ್ತು. ಪಾದದ ನರಕ್ಕೆ ಸೂಜಿ, ಸೂಜಿಗೆ ಸಿರಿಂಜು. ಒಳಗೆ ಬಿಳಿ ಮದ್ದಿನ ತಳ ಮಾತ್ರ ಉಳಿದಿತ್ತು. ತುಟಿ ನೀಲಿಯಾಗಿತ್ತು. ಎದೆ ಏಳುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಬಹಳ ಹೆಣ ಕಂಡಿದ್ದರು. ಆದರೂ ಬಾಗಿಲಲ್ಲೇ ನಿಂತರು. ಅವರನ್ನು ಸರಿಸಿ ಒಳಗೆ ಓಡಿದ್ದು ಟೆಕ್ನಿಷಿಯನ್. ಗದ್ದ ಹಿಡಿದು ತಲೆ ಹಿಂದಕ್ಕೆ ಬಾಗಿಸಿದ. "ಬ್ಯಾಗ್ ತನ್ನಿ," ಎಂದು ಕೂಗಿದ. ವೈದ್ಯೆ ಥಿಯೇಟರಿನಿಂದ ರಬ್ಬರ್ ಚೀಲ ತಂದು ಕೊಟ್ಟು ಸೂಜಿ ಕಿತ್ತರು. ಅವನು ಮೂಗುಬಾಯಿಗೆ ಮುಖವಾಡ ಒತ್ತಿ ಚೀಲ ಹಿಸುಕತೊಡಗಿದ. ಹಿಸುಕಿದಷ್ಟು ಸಲ ಎದೆ ಎದ್ದಿತು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ತಾಳ ತಪ್ಪಲಿಲ್ಲ.

"ಇವ್ರು ನಿನ್ನ ಜೈಲಿಗೆ ಕಳಿಸೋರಿದ್ರಲ್ಲೋ," ಅಂದರು ಮೇಷ್ಟ್ರು, ತಮಗೇ ಹೇಳಿಕೊಂಡ ಹಾಗೆ.

"ಉಸಿರು ಬರ್ಲಿ ಸಾರ್ ಮೊದ್ಲು."

ಉಸಿರು ಬಂತು. ಮೂರೂವರೆಗೆ ಡಾಕ್ಟರು ಕಣ್ಣು ತೆರೆದರು. ಸುತ್ತ ನಿಂತ ಖಾಕಿ ಕಂಡು ಗಾಬರಿಯಾಗಲಿಲ್ಲ. ಬಂಧನದ ಕಾರಣ ಓದಿ ಹೇಳಿದಾಗ ತಲೆಯಾಡಿಸಿದರು. ಅವರನ್ನು ಕಾವಲಿನೊಡನೆ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು.

ಸುದ್ದಿ ಹೊರಬಿದ್ದ ಮರುದಿನ ಠಾಣೆಯ ಬೆಂಚು ಸಾಲಲಿಲ್ಲ. ಹೆರಿಗೆಗೆ ಹೋಗಿದ್ದವಳು, ಅಪೆಂಡಿಕ್ಸ್ ತೆಗೆಸಿಕೊಂಡವನು, ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ನಿವೃತ್ತ ಅಂಚೆಯವರು. ಎಲ್ಲರಿಗೂ ಒಂದೊಂದು ಸಲ ಯಾರೋ ಕನಸು ಅಂದಿದ್ದರು. ಅಂಚೆಯವರ ಹೆಂಡತಿ ಗಂಡನ ಕಡೆ ಕೈ ತೋರಿಸಿ, "ಎರಡು ವರ್ಷದಿಂದ ಹೇಳ್ತಾನೇ ಇದ್ರು, ನಾನೇ ಬಾಯಿ ಮುಚ್ಚಿಸಿದೆ," ಎಂದು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಆ ದಿನ ಯಾರ ಒತ್ತಕ್ಷರವನ್ನೂ ತಿದ್ದಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೊಟ್ಟ ಹೇಳಿಕೆ ಚಿಕ್ಕದು. ಮೂರು ಆಸ್ಪತ್ರೆಗೆ ಅವರೊಬ್ಬರೇ ಅರಿವಳಿಕೆ ವೈದ್ಯರಾಗಿದ್ದ ಕಾಲದಲ್ಲಿ ಒಂದು ರಾತ್ರಿ ತುರ್ತು ಹೆರಿಗೆಗೆ ಕರೆ ಬಂದಿತ್ತು. ಫೋನು ಬಹಳ ಸಲ ಬಡಿದುಕೊಂಡಿತ್ತು. ಅವರಿಗೆ ಎಚ್ಚರವಾಗಲಿಲ್ಲ. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಯಾರೂ ಅವರನ್ನು ದೂರಲಿಲ್ಲ. ಆ ಮೇಲೆ ಕಣ್ಣು ಮುಚ್ಚಿದರೆ ಫೋನಿನ ಸದ್ದು.

"ಅವತ್ತಿಂದ ನಿದ್ದೆ ಬಂದಿಲ್ಲ. ಈ ಮದ್ದಿಗೆ ಮಾತ್ರ ಸದ್ದು ನಿಲ್ತಿತ್ತು."

"ನಿಮ್ಮದೇ ಕಟ್ಟಡದಲ್ಲಿ ಮನೋವೈದ್ಯರಿದ್ರು," ಅಂದರು ಇನ್ಸ್‌ಪೆಕ್ಟರ್.

"ಇದ್ರು. ಬಾಗಿಲವರೆಗೆ ಹೋಗಿದ್ದೆ. ಒಳಗೆ ಹೋಗಿ ಏನಂತ ಹೇಳ್ಲಿ? ನಿದ್ದೆ ಮಾಡಿದ್ದೇ ನನ್ನ ರೋಗ ಅಂತಾನಾ?"

"ಆ ಹೆಂಗಸು ಒದ್ದಾಡ್ತಿದ್ದಾಗ ಅದು ನಿಮಗೆ ಗೊತ್ತಿತ್ತು."

"ಗೊತ್ತಿತ್ತು," ಅಂದರು. ಆ ದನಿ ಮೊದಲಿನಷ್ಟೇ ಮೆತ್ತಗಿತ್ತು. ಇನ್ಸ್‌ಪೆಕ್ಟರಿಗೆ ಆ ಮೆತ್ತನೆಯ ದನಿಯೇ ಸಹಿಸಲಾಗಲಿಲ್ಲ, ಎದ್ದು ಹೊರಗೆ ಬಂದರು.

ಹೊರಗಿನ ಬೆಂಚಿನ ಮೇಲೆ ಡಾಕ್ಟರ ಹೆಂಡತಿ ಕೂತಿದ್ದಳು. ಬಾಗಿಲು ಅರ್ಧ ತೆರೆದಿತ್ತು, ಒಳಗಿನ ಮಾತು ಅವಳಿಗೆ ಕೇಳಿಸಿತ್ತು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತಾಗ ತಲೆ ಎತ್ತಲಿಲ್ಲ.

"ಅವತ್ತು ರಾತ್ರಿ ಫೋನು ಬಡ್ಕೊಳ್ಳಲೇ ಇಲ್ಲ ಮೇಡಂ."

"ಏನು?"

"ಅವ್ರು ಮೂರು ದಿನದಿಂದ ಮಲಗಿರಲಿಲ್ಲ. ನಿಂತಲ್ಲೇ ತೂಕಡಿಸ್ತಿದ್ರು. ಒಂದು ರಾತ್ರಿ ಮಲಗ್ಲಿ ಅಂತ ನಾನೇ ಫೋನಿನ ಸದ್ದು ತೆಗೆದು ಅಡುಗೆಮನೇಲಿ ಇಟ್ಟಿದ್ದೆ. ಬೆಳಿಗ್ಗೆ ಅವ್ರು ಏಳೋದ್ರೊಳಗೆ ಮತ್ತೆ ಸದ್ದು ಹಾಕಿ ದಿಂಬಿನ ಪಕ್ಕ ತಂದಿಟ್ಟೆ."

"ಅವ್ರಿಗೆ ಗೊತ್ತಾ?"

"ಇಲ್ಲ. ಹೇಳೋಕೆ ಬಾಯಿ ತೆಗೀತಿದ್ದೆ, ಆಗ್ತಿರ್ಲಿಲ್ಲ."

ಕಾರಿಡಾರಿನಲ್ಲಿ ಯಾರದೋ ಸ್ಟ್ರೆಚರ್ ಹಾದುಹೋಯಿತು. ಇನ್ಸ್‌ಪೆಕ್ಟರ್ ಅದು ದಾಟುವವರೆಗೆ ಕಾಲು ಒಳಗೆ ಎಳೆದುಕೊಂಡು ಕೂತರು.

"ಈಗ ಹೇಳಿದ್ರೆ ಅವ್ರಿಗೆ ನಿದ್ದೆ ಬರುತ್ತಾ?" ಹೆಂಡತಿ ಕೇಳಿದಳು.

"ಗೊತ್ತಿಲ್ಲಮ್ಮ. ಕೇಸಿಗೆ ಅದರಿಂದ ಏನೂ ಆಗಲ್ಲ. ಹೇಳಿ."

ಅವಳು ಎದ್ದು ಒಳಗೆ ಹೋದಳು. ಇನ್ಸ್‌ಪೆಕ್ಟರ್ ಕಾವಲಿನವನಿಗೆ ಸನ್ನೆ ಮಾಡಿ ಈಚೆ ಕರೆದು, ಬಾಗಿಲು ಎಳೆದುಕೊಂಡರು.