ಬಾಟಲಿಯ ಬಣ್ಣ

ನರ್ಸಮ್ಮ ಒಂಬತ್ತು ರಕ್ತಪರೀಕ್ಷೆಯ ವರದಿಗಳನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟಳು. ಹೆಸರುಗಳ ಮೇಲೆ ಕಾಗದ ಅಂಟಿಸಿದ್ದಳು. ಒಂಬತ್ತರಲ್ಲೂ ಎಚ್‌ಐವಿ.

"ಎಲ್ಲರೂ ಒಂದೇ ಬೀದಿಯವರು ಮೇಡಂ. ಚುಚ್ಚಿಕೊಳ್ಳೋ ಚಟದವರು. ಆದ್ರೆ ಒಬ್ಬರ ಸೂಜಿ ಇನ್ನೊಬ್ಬರು ಮುಟ್ಟಲ್ಲ. ಹೊಸ ಸೂಜಿ ನಾನೇ ಕೊಡ್ತೀನಿ. ಐದು ವರ್ಷ ಒಂದು ಹೊಸ ಕೇಸೂ ಇರ್ಲಿಲ್ಲ. ಈಗ ಮೂರು ತಿಂಗಳಲ್ಲಿ ಒಂಬತ್ತು."

ಬೀದಿ ಆಗಲೇ ತೀರ್ಪು ಕೊಟ್ಟಾಗಿತ್ತು. ಎಚ್‌ಐವಿಯ ಹಳೇ ರೋಗಿ ಲಾರಿ ಡ್ರೈವರನೇ ರೋಗ ಹಬ್ಬಿಸಿದವನೆಂದು ಅವನ ಎರಡೂ ಕಾಲು ಮುರಿದಿದ್ದರು.

* * *

ಆಸ್ಪತ್ರೆಯಲ್ಲಿ ಡ್ರೈವರ್ ಗೋಡೆ ನೋಡುತ್ತಲೇ ಇನ್‌ಸ್ಪೆಕ್ಟರ್ ಜೊತೆ ಮಾತಾಡಿದ.

"ಚಟ ಬಿಟ್ಟು ನಾಲ್ಕು ವರ್ಷ. ಮಾತ್ರೆ ಒಂದಿನ ತಪ್ಪಿಸಿಲ್ಲ. ರಕ್ತದಲ್ಲಿ ವೈರಸ್ ಕಾಣೋದೇ ಇಲ್ಲ ಅಂತ ಡಾಕ್ಟ್ರು ಬರೆದುಕೊಟ್ಟಿದ್ದಾರೆ. ಹೊಡೆಯೋರು ಚೀಟಿ ಓದ್ತಾರಾ?"

"ನಿನ್ನ ಹೆಸರು ಮೊದಲು ಎತ್ತಿದ್ದು ಯಾರು?"

"ಮೆಡಿಕಲ್ ಶಾಪಿನ ಮಾಮ."

* * *

ನರ್ಸಮ್ಮ ಕೇಳಿಕೊಂಡಾಗ ಒಂಬತ್ತು ಜನರಲ್ಲಿ ಇನ್‌ಸ್ಪೆಕ್ಟರ್ ಮುಂದೆ ಬಾಯಿಬಿಡಲು ಒಪ್ಪಿದ್ದು ಬಟ್ಟೆ ಹೊಲಿಯುವ ಹೆಂಗಸೊಬ್ಬಳೇ.

"ಮೊದ್ಲು ಬ್ರೌನ್ ಶುಗರ್ ಪುಡಿ ಸಿಗ್ತಿತ್ತು. ದಿನಕ್ಕೆರಡು ಸಲ ಸಾಕಿತ್ತು. ಈಗ ಪುಡಿ ಇಲ್ಲ, ಮಾಮನ ಅಂಗಡಿ ಹಿಂದಿನ ಕೋಣೇಲಿ ನೋವಿನ ಇಂಜೆಕ್ಷನ್ ಔಷಧಿ. ಅದರ ಅಮಲು ಗಂಟೆಗೆ ಇಳಿದುಹೋಗುತ್ತೆ. ಏಳೆಂಟು ಸಲ ಬೇಕು."

"ಸೂಜಿ?"

"ನಂದೇ. ಹೊಸದು. ಔಷಧಿ ಮಾತ್ರ ದೊಡ್ಡ ಬಾಟ್ಲಿಯಿಂದ ಮಾಮನೇ ತುಂಬಿಸ್ತಾನೆ. ಅರ್ಧಕ್ಕೇ ಸಾಕಾದ್ರೆ ಉಳಿದದ್ದು ವಾಪಸ್ ತಗೋತಾನೆ."

"ಬಾಟ್ಲೀಲಿ ಔಷಧಿ ಯಾವ ಬಣ್ಣ?"

ಆಕೆ ಯೋಚಿಸಿದಳು. "ಬೆಳಗ್ಗೆ ನೀರಿನ ಥರ. ಸಂಜೆಗೆ ತಿಳಿ ಗುಲಾಬಿ."

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದಳು.

* * *

ಹಿಂದಿನ ಕೋಣೆಯಲ್ಲಿ ಬಾಟಲಿ ಸಿಕ್ಕಿತು. ಸೂಜಿ ಚುಚ್ಚಿ ಚುಚ್ಚಿ ರಬ್ಬರ್ ಮುಚ್ಚಳ ಜರಡಿಯಾಗಿತ್ತು.

"ನಾನು ಯಾರ ಸೂಜೀನೂ ಇನ್ನೊಬ್ಬರಿಗೆ ಕೊಟ್ಟಿಲ್ಲ ಮೇಡಂ," ಎಂದ ಮಾಮ.

ಇನ್‌ಸ್ಪೆಕ್ಟರ್ ಬಾಟಲಿ ಎತ್ತಿ ಹಿಡಿದಳು. "ಸೂಜಿ ಹೊಸದೇ. ರಕ್ತ ಇದ್ದದ್ದು ಇದರೊಳಗೆ. ನರ ಸಿಕ್ಕಿದೆಯಾ ಅಂತ ನೋಡೋಕೆ ಸಿರಿಂಜಿಗೆ ಒಂದಿಷ್ಟು ರಕ್ತ ಎಳೀತಾರೆ. ಅದು ಉಳಿದ ಔಷಧಿಗೆ ಸೇರುತ್ತೆ. ನೀನು ಅದನ್ನೇ ತಿರುಗಿ ಬಾಟ್ಲಿಗೆ ತಳ್ಳಿದೆ. ಬಂದವರಲ್ಲಿ ಒಬ್ಬರಿಗೆ ರೋಗವಿದ್ರೆ ಸಾಕಲ್ಲ, ಆಮೇಲೆ ತುಂಬಿಸಿಕೊಂಡವರಿಗೆಲ್ಲ ಅದೇ. ಬಣ್ಣ ದಿನಾ ನಿನ್ನ ಕಣ್ಣಿಗೆ ಬೀಳ್ತಿತ್ತು. ಒಬ್ಬೊಬ್ಬರಿಗೇ ಕಾಯಿಲೆ ಅಂತ ಸುದ್ದಿ ಹಬ್ಬಿದಾಗ ತಪ್ಪನ್ನ ಡ್ರೈವರ್ ತಲೆಗೆ ಕಟ್ಟಿದೆ."

"ಉಳಿದ ಔಷಧಿ ಚೆಲ್ಲಿದ್ರೆ ನಷ್ಟ ಅಲ್ವಾ ಮೇಡಂ," ಎಂದ ಮಾಮ.

"ಈ ಕೋಣೆಗೆ ಬಂದವರ ಹೆಸರು ಹೇಳು. ಎಲ್ಲರಿಗೂ ಪರೀಕ್ಷೆ ಮಾಡಿಸ್ಬೇಕು."

"ದಿನಕ್ಕೆ ಮೂವತ್ತು ಜನ ಬರೋರು. ಹೆಸರು ಯಾರು ಕೇಳ್ತಾರೆ?"

ಅವನನ್ನು ಜೀಪು ಹತ್ತಿಸಿದರು. ನರ್ಸಮ್ಮ ಪರೀಕ್ಷೆಯ ಡಬ್ಬಿ ಹಿಡಿದು ಬೀದಿಯ ಮೊದಲ ಮನೆಯ ಬಾಗಿಲು ತಟ್ಟಿದಳು. ಒಳಗೆ ಮಾತು ನಿಂತಿತು. ಇನ್‌ಸ್ಪೆಕ್ಟರ್ ಪಕ್ಕದ ಬಾಗಿಲು ತಟ್ಟಿದಳು, ಅದರಾಚೆಯದನ್ನೂ. ಡ್ರೈವರ್‌ಗೆ ಆದದ್ದನ್ನು ಎಲ್ಲರೂ ಕಣ್ಣಾರೆ ಕಂಡವರು. ಯಾರೂ ತೆರೆಯಲಿಲ್ಲ.