ಹಿಂಗಾಲಿಲ್ಲದ ಕುರ್ಚಿ

ಕುರ್ಚಿ ಎರಡು ಹೋಳಾಗಿ ಬಿದ್ದಿತ್ತು. ಬೆಳಗ್ಗೆ ಕಾಲೇಜಿನ ವರ್ಕ್‌ಶಾಪಿಗೆ ಬಂದ ಗುಬ್ಬಿ ಹೋಳುಗಳ ಮುಂದೆ ಮಂಡಿಯೂರಿದಳು. ತೆಳು ಮರದ ಹಾಳೆಗಳಿಗೆ ಅಂಟು ಬಳಿದು, ಅಚ್ಚಿನಲ್ಲಿ ಬಗ್ಗಿಸಿ ಅವಳೇ ಮಾಡಿದ, ಹಿಂಗಾಲೇ ಇಲ್ಲದ ಕುರ್ಚಿ. ಸೊಂಟದ ಆಪರೇಷನ್ ಆದ ಅವಳ ಅಜ್ಜಿ ಇವತ್ತಿನ ಪ್ರದರ್ಶನದಲ್ಲಿ ಮೊದಲು ಅದರಲ್ಲಿ ಕೂರಬೇಕಿತ್ತು.

“ಇದು ಗಡ್ಡದವನ ಕೆಲಸ, ಮೇಷ್ಟ್ರೇ,” ಅಂದಳು ಗುಬ್ಬಿ.

ಪ್ರದರ್ಶನದ ಬಹುಮಾನಕ್ಕೆ ಅವಳ ಎದುರಾಳಿಯಾದ ಗಡ್ಡದ ಸಹಪಾಠಿ ಸ್ಟೂಲಿನಿಂದ ಧಡಕ್ಕನೆ ಎದ್ದ. “ನಾನಾ? ನಿನ್ನೆ ನಿನಗಿಂತ ಮೊದಲೇ ಮನೆಗೆ ಹೋದೆನಲ್ಲ?”

ಮೇಷ್ಟ್ರು ಹೋಳನ್ನು ಬೆಳಕಿಗೆ ಹಿಡಿದರು. ಗುಬ್ಬಿಯ ಗೆಳೆಯ ಡುಮ್ಮ ಚಹಾ ತಂದ. ಎಲ್ಲರೂ ಸಿಕ್ಕಲ್ಲಿ ಕೂತರು; ಅವನು ಗೋಡೆಗೊರಗಿ ನಿಂತೇ ಕುಡಿದ.

“ಸುತ್ತಿಗೇಲಿ ಹೊಡೆದಿದ್ರೆ ಮರ ಸೀಳ್ತಿತ್ತು. ಸೀಳಿದ್ಯಾ?” ಮೇಷ್ಟ್ರು ಗುಬ್ಬಿಯನ್ನು ಕೇಳಿದರು.

“ಇಲ್ಲ. ಹಾಳೆಗಳು ಬಿಟ್ಕೊಂಡಿವೆ.”

“ಅಂಟು?”

“ಹೊಳೀತಿದೆ. ಎದುರಿನ ಹಾಳೆಗೆ ಹತ್ತೇ ಇಲ್ಲ.”

“ಹೇಗೆ ಹಚ್ಚಿದೆ?”

“ನಿಧಾನಕ್ಕೆ, ನೀಟಾಗಿ. ಎಲ್ಲಾ ಹಾಳೆಗೂ ಹಚ್ಚಾದ ಮೇಲೆ ಅಚ್ಚಿಗೆ—” ಗುಬ್ಬಿ ಹೊಳೆಯುವ ಅಂಟಿನ ಮೇಲೆ ಬೆರಳಾಡಿಸಿದಳು. ನಿಧಾನವೇ ಪ್ರಧಾನ, ಸರಿ. ಆದರೆ ಅಂಟಿನ ಮುಂದೆ ಆ ಗಾದೆ ನಡೆಯದು. ಕೊನೆಯ ಹಾಳೆಗೆ ಬರುವಷ್ಟರಲ್ಲಿ ಮೊದಲನೆಯದು ಒಣಗಿತ್ತು.

“ಅಂದ್ರೆ ತಪ್ಪು ನಂದೇ.”

“ಅರ್ಧ ನಿಂದು,” ಮೇಷ್ಟ್ರು ಅಂದರು. “ಕುರ್ಚಿ ತಾನಾಗೇ ಮುರಿಯಲ್ಲ, ಯಾರೋ ಕೂತಿದ್ದಾರೆ. ಕೋಣೆ ತುಂಬ ಕುರ್ಚಿ. ಬೆಳಗ್ಗಿಂದ ಒಂದರಲ್ಲೂ ಕೂರದೇ ಇರೋನು ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡುಮ್ಮನ ಕೈ ನೋಯುವ ಹಿಂಭಾಗಕ್ಕೆ ಹೋಯಿತು.

“ಡುಮ್ಮ, ನೀನಾ?”

“ನಿನ್ನೆ ನೀನು ಅಚ್ಚು ಬಿಗಿದಿದ್ದ ಕ್ಲಾಂಪ್ ಬಿಚ್ಚಿದಾಗ ಚಟಚಟ ಸದ್ದು ಬಂತು. ಹೇಳಿದ್ರೆ ಹೊಟ್ಟೆಕಿಚ್ಚು ಅಂತೀಯ ಅನ್ಕೊಂಡೆ. ನೀನು ಹೋದ್ಮೇಲೆ, ಅಜ್ಜಿಗಿಂತ ಮುಂಚೆ ನಾನೇ ಕೂತು ನೋಡೋಣ ಅಂತ... ದಬಕ್ಕಂತ ಬಿದ್ದೆ. ಬೆಳಗ್ಗಿಂದ ಹೇಳೋಕೆ ಬಾಯೇ ಬರ್ಲಿಲ್ಲ.”

ಗುಬ್ಬಿ ಗಡ್ಡದವನ ಕಡೆ ತಿರುಗಿ ಕೈ ಮುಗಿದಳು. “ತಪ್ಪಾಯ್ತು ಮಾರಾಯ.”

“ಇರ್ಲಿ ಬಿಡು,” ಎಂದ ಅವನು.

ಆಮೇಲೆ ಡುಮ್ಮನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿ ಬಂತು. “ಅಜ್ಜಿ ಬೀಳಬೇಕಿತ್ತು, ನೀನು ಬಿದ್ದೆ. ಈ ಋಣ ಯಾವ ಜನ್ಮಕ್ಕೆ ತೀರಿಸ್ಲಿ?”

“ಜನ್ಮದ ಮಾತು ಆಮೇಲೆ. ಈಗ ಒಂದು ಮೆತ್ತನೆ ದಿಂಬು ಸಿಗುತ್ತಾ?”

ಅಳುತ್ತಲೇ ನಕ್ಕಳು. ಕಿಟಕಿಯಾಚೆ ಅಂಗಳದಲ್ಲಿ ಅಜ್ಜಿ ಬರುತ್ತಿದ್ದರು, ಯಾರ ಆಸರೆಯೂ ಇಲ್ಲದೆ, ತಮ್ಮ ಕಾಲ ಮೇಲೆ ತಾವೇ.