ಹನ್ನೆರಡು ಜನಕ್ಕೆ ಬರೆದ ಒಂದು ಸಾಲು

"ಏನ್ರೀ, ಇಷ್ಟು ದೊಡ್ಡ ಸಮುದ್ರದಲ್ಲಿ ಸುವಾ ಒಂದೇ ಊರು ಅಂದ್ಕೊಂಡಿದ್ದೀರಾ?"

ಶನಿವಾರ ಮಧ್ಯಾಹ್ನ ಎರಡು ಗಂಟೆ. ಕೆಲೆರಾ ಅಜ್ಜಿಯ ಜೊತೆ ಊಟಕ್ಕೆ ಕೂತು, ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನಿನ ಮೊದಲ ತುತ್ತನ್ನು ಬಾಯಿಗಿಡುವುದರಲ್ಲಿದ್ದಳು. ಫೋನ್ ಎತ್ತಿದ್ದೇ ತಡ, ಹೆಸರಿಲ್ಲ, ನಮಸ್ಕಾರವಿಲ್ಲ... ನೇರ ಬೈಗುಳ!

"ಯಾರ್ರೀ ನೀವು?"

"ಮೆತುವಾ. ರಾರೊಟೊಂಗಾದ ಟ್ಯೂಟರ್. ನಿಮ್ಮ ಪ್ರೋಗ್ರಾಮಿಂಗ್ ಕೋರ್ಸಿನ ಒಂಬತ್ತು ಜನ ನನ್ನ ಮುಂದೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾರೆ. ಅಸೈನ್‌ಮೆಂಟ್ ಹಾಕೋಕೆ ಹೋದ್ರೆ ಗಡುವು ಮುಗೀತು ಅಂತ ಬರ್ತಿದೆ."

"ಬರದೆ ಇನ್ನೇನು? ಶುಕ್ರವಾರ ಸಂಜೆ ಐದಕ್ಕೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಇವತ್ತು ಶನಿವಾರ."

"ನಿಮಗೆ ಶನಿವಾರ! ಇಲ್ಲಿ ಇನ್ನೂ ಶುಕ್ರವಾರ ಕಣ್ರೀ. ನಾಲ್ಕು ಗಂಟೆ!"

ತುತ್ತು ಕೆಲೆರಾಳ ಕೈಯಲ್ಲೇ ಉಳಿಯಿತು.

ಹೌದಲ್ಲ! ದಿನ ಬದಲಾಗುವ ಗೆರೆ ಸಮುದ್ರದ ನಡುವೆ ಹಾದುಹೋಗುತ್ತದೆ. ಸುವಾ ಇರುವ ಫಿಜಿ ಈಚೆ, ರಾರೊಟೊಂಗಾ ಇರುವ ಕುಕ್ ದ್ವೀಪಗಳು ಆಚೆ. ನಮ್ಮ ಕಡೆ ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಹಿಂದಿನ ವರ್ಷ ಈ ಕೆಲಸದಲ್ಲಿದ್ದವರು ಕೋರ್ಸಿನ ಪ್ರತಿ ನೋಟೀಸಿನಲ್ಲೂ ಎರಡೆರಡು ದಿನಾಂಕ ಬರೆಯುತ್ತಿದ್ದರು. ನೋಟೀಸು ಚಿಕ್ಕದಾಗಿ, ಚೊಕ್ಕವಾಗಿ ಇರಲಿ ಎಂದು ಅದರಲ್ಲಿ ಒಂದನ್ನು ಕಿತ್ತುಹಾಕಿದ್ದು ಬೇರೆ ಯಾರೂ ಅಲ್ಲ, ಇದೇ ಮಹಾರಾಯಿತಿ.

"ಕೇಳಿಸ್ತಾ ಇದೆಯಾ?" ಆ ಕಡೆಯಿಂದ ಮತ್ತೆ ದನಿ. "ಇಲ್ಲಿ ವಾಯ್ನೆ ಅಂತ ಒಬ್ಬಳಿದ್ದಾಳೆ. ಹೋಟೆಲ್ ಅಡುಗೆಮನೆಯಲ್ಲಿ ಕೆಲಸ, ಎರಡು ಮಕ್ಕಳ ತಾಯಿ. ಅರ್ಧ ದಿನ ರಜಾ ಹಾಕಿ ಬಂದಿದ್ದಾಳೆ. ಒಂದು ಅಸೈನ್‌ಮೆಂಟ್ ತಪ್ಪಿದ್ರೂ ಪರೀಕ್ಷೆಗೆ ಕೂರೋ ಹಾಗಿಲ್ಲ ಅಂತ ನೀವೇ ಬರ್ದಿದ್ದೀರಿ. ಅವಳಿಗೆ ನಾನು ಏನು ಹೇಳ್ಲಿ?"

ಕೆಲೆರಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ತಪ್ಪು ತನ್ನದೇ ಎಂದು ಗೊತ್ತಾದ ಮೇಲೆ ಬರುವ ಸಿಟ್ಟಿಗೆ ಮದ್ದಿಲ್ಲ ನೋಡಿ.

"ಹೇಳಿ... ಕೆಲೆರಾ ನೋಡ್ಕೊಳ್ತಾಳೆ ಅಂತ ಹೇಳಿ," ಎಂದು ಫೋನಿಟ್ಟಳು.

ಆ ಕೋರ್ಸಿನ ವಿಷಯ ಹೇಳದಿದ್ದರೆ ಅವಳ ಸಂಕಟ ನಿಮಗೆ ಅರ್ಥವಾಗದು. ಒಂದು ಸೆಮಿಸ್ಟರಿನ ಪಾಠವನ್ನು ಜನವರಿ, ಫೆಬ್ರವರಿಯಲ್ಲಿ ಬರುವ ನಮ್ಮ ಕಡೆಯ ಬೇಸಿಗೆಯ ಆರು ವಾರಗಳಲ್ಲಿ ಅರೆದು ಕುಡಿಸುವ ಕೋರ್ಸು ಅದು. ಹನ್ನೆರಡು ದೇಶಗಳ ನೂರ ನಲವತ್ತು ವಿದ್ಯಾರ್ಥಿಗಳು, ದೇಶಕ್ಕೊಬ್ಬ ಟ್ಯೂಟರ್. ಒಂದು ದಿನ ಸುದ್ದಿ ತಪ್ಪಿದರೆ ಒಂದು ವಾರದ ಪಾಠ ತಪ್ಪಿದ ಹಾಗೆ. ಇವತ್ತೇನು ಪಾಠ, ನಾಳೆ ಏನು ಕೊಡಬೇಕು, ಎಲ್ಲಿ ಏನು ಕೆಟ್ಟಿದೆ... ಎಲ್ಲವನ್ನೂ ದಿನಾ ಬೆಳಿಗ್ಗೆ ಬರೆದು ತಲುಪಿಸುವುದು ಕೆಲೆರಾಳ ಕೆಲಸ. 'ನನಗೆ ಗೊತ್ತಾಗಲೇ ಇಲ್ಲ' ಎಂದು ಯಾರೂ ಹೇಳಬಾರದು, ಅದೇ ಅವಳ ಹೆಮ್ಮೆ. ಇವತ್ತು ಒಂಬತ್ತು ಜನ ಹೇಳಿಬಿಟ್ಟಿದ್ದರು.

ಅವಳು ಊಟ ಬಿಟ್ಟೆದ್ದು, ಕೋರ್ಸು ನಡೆಸುವ ಪ್ರೊಫೆಸರ್ ಜೈನಾರಾಯಣರ ಮನೆಗೆ ಓಡಿದಳು. "ತಪ್ಪು ನಂದು ಸರ್. ಒಂಬತ್ತು ಜನಕ್ಕೆ ಸೋಮವಾರದವರೆಗೆ ಟೈಮ್ ಕೊಡಿ," ಎಂದಳು. ಅವರು ಕೊಟ್ಟರು. ಆ ಸಂಜೆಯ ನೋಟೀಸಿನ ಮೊದಲ ಸಾಲೇ ಹೀಗಿತ್ತು: 'ದಿನಾಂಕದ ತಪ್ಪು ನನ್ನದು. ರಾರೊಟೊಂಗಾದ ಗೆಳೆಯರೇ, ಕ್ಷಮಿಸಿ. ಕೆಲೆರಾ.'

ಹತ್ತು ನಿಮಿಷದಲ್ಲಿ ಮತ್ತೆ ಫೋನು.

"ರೀ... ನಾನು, ಮೆತುವಾ." ಈ ಸಲ ದನಿ ಬೆಣ್ಣೆ! "ನೂರ ನಲವತ್ತು ಜನದ ಮುಂದೆ ತಪ್ಪು ಒಪ್ಕೋಬೇಕಾಗಿರ್ಲಿಲ್ಲ. ನಂಗೆ ಒಬ್ಬನಿಗೆ ಹೇಳಿದ್ರೆ ಸಾಕಿತ್ತು."

"ನಿಮಗೆ ಒಬ್ಬರಿಗೆ ಹೇಳಿದ್ರೆ ನೀವು ಮತ್ತೆ ಬೈತಿದ್ರಿ."

ಅವನು ನಕ್ಕ. ಅಯ್ಯೋ, ಆ ನಗು! ಕೆಲೆರಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು, ಸುಮ್ಮನೆ.

ಅಂದಿನಿಂದ ಒಂದು ಪದ್ಧತಿ ಶುರುವಾಯಿತು. ನೋಟೀಸು ಕಳಿಸುವ ಮೊದಲು ಅವಳು ಅವನಿಗೆ ಓದಿ ಹೇಳಬೇಕು. ಅವನು ಎಲ್ಲಕ್ಕಿಂತ ದೂರದ ದ್ವೀಪದ ವಿದ್ಯಾರ್ಥಿಯ ಹಾಗೆ ಕೂತು ಕೇಳಬೇಕು.

"ಇದು ವಾಯ್ನೆಗೆ ಅರ್ಥ ಆಗಲ್ಲ. ಸುತ್ತಿ ಬಳಸಿ ಬರ್ದಿದ್ದೀರಿ."

"ಮತ್ತೆ ಹೇಗೆ ಬರೀಬೇಕಂತೆ ಸಾಹೇಬ್ರಿಗೆ?"

"'ಪ್ರೋಗ್ರಾಮ್ ಓಡದಿದ್ರೆ ಹೆದರಬೇಡಿ, ಎಲ್ಲರದ್ದೂ ಓಡ್ತಿಲ್ಲ' ಅಂತ ಮೊದಲು ಬರೀರಿ. ಧೈರ್ಯ ಬಂದ ಮೇಲೆ ಮಿಕ್ಕಿದ್ದು ತಾನೇ ಓದ್ಕೋತಾರೆ."

ಹಾಗೇ ಬರೆದಳು. ಮರುದಿನ ಕಿರಿಬಾಟಿಯ ಹುಡುಗಿಯೊಬ್ಬಳು, 'ಅಕ್ಕಾ, ಇವತ್ತಿನ ನೋಟೀಸು ಓದಿ ಅಳು ನಿಂತಿತು' ಎಂದು ಬರೆದಳು! ಕೆಲೆರಾ ಅದನ್ನು ಮೆತುವಾನಿಗೆ ಮೂರು ಸಲ ಓದಿ ಹೇಳಿದಳು.

ಎರಡು ನಿಮಿಷದ ಮಾತು ಇಪ್ಪತ್ತು ನಿಮಿಷವಾಯಿತು. ಯಾವತ್ತು 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ಗೊತ್ತಿಲ್ಲ.

"ನಿಮ್ಮ ಫಿಜಿಯವರಿಗೆ ರಗ್ಬಿ ಬಿಟ್ರೆ ಬೇರೆ ಮಾತೇ ಇಲ್ವಾ?"

"ಗೆದ್ದೋರ ಬಗ್ಗೆ ಸೋತೋರಿಗೆ ಹೊಟ್ಟೆಕಿಚ್ಚು ಕಣೋ. ಸಹಜ."

'ಈ ಮನುಷ್ಯನ ಮುಖ ಹೇಗಿದೆ ಅಂತ ಇನ್ನೂ ಸರಿಯಾಗಿ ನೋಡಿಲ್ಲ... ಆದರೂ ಬೆಳಿಗ್ಗೆ ಎದ್ದ ಕೂಡಲೇ ಇವನ ಫೋನಿಗೆ ಯಾಕೆ ಕಾಯ್ತೀನಿ?' ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಧೈರ್ಯವಿರಲಿಲ್ಲ.

ಆರನೇ ವಾರ ಪರೀಕ್ಷೆ. ಅದಾದ ಮೇಲೆ ಹನ್ನೆರಡು ಟ್ಯೂಟರುಗಳೂ ಉತ್ತರಗಳನ್ನು ತಿದ್ದಲು ಸುವಾಕ್ಕೆ ಬರುವುದು ವಾಡಿಕೆ. ಮೆತುವಾನೂ ಬರುತ್ತಾನೆ! ಐದನೇ ವಾರದ ಒಂದು ಮಧ್ಯಾಹ್ನ ಅವಳು ಎದೆ ಗಟ್ಟಿ ಮಾಡಿಕೊಂಡು ಅವನಿಗೆ ಬರೆದಳು: 'ನೀನು ಬರುವ ದಿನವನ್ನೇ ಎಣಿಸುತ್ತಿದ್ದೇನೆ.'

ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಾಗಲಿಲ್ಲ. ಅವನು ನಕ್ಕುಬಿಟ್ಟರೆ? ಇಂಥದ್ದೇನೂ ನನ್ನ ಮನಸ್ಸಿನಲ್ಲಿಲ್ಲ ಎಂದುಬಿಟ್ಟರೆ?

ನಮ್ಮ ಹುಡುಗಿ ಏನು ಮಾಡಿದಳು ಗೊತ್ತೇ? 'ನೀನು' ತೆಗೆದು 'ನೀವು' ಹಾಕಿದಳು. ಮಿಕ್ಕ ಹನ್ನೊಂದು ಟ್ಯೂಟರುಗಳ ಹೆಸರನ್ನೂ ಸೇರಿಸಿದಳು. ಹನ್ನೆರಡು ಜನಕ್ಕೂ ಅದೇ ಸಾಲನ್ನು ಕಳಿಸಿಬಿಟ್ಟಳು! ಪ್ರೀತಿಯೂ ತಲುಪಿತು, ಮಾನವೂ ಉಳಿಯಿತು ಎಂದು ಅವಳ ಲೆಕ್ಕ.

ಟೋಂಗಾದ ಟ್ಯೂಟರ್ 'ನಾವೂ ಎಣಿಸುತ್ತಿದ್ದೇವೆ ತಂಗೀ' ಎಂದು ಬರೆದ. ಸಮೋವಾದವನು ಊಟಕ್ಕೇನು ಎಂದು ಕೇಳಿದ. ಮೆತುವಾನಿಂದ ಒಂದೇ ಪದ ಬಂತು: 'ಧನ್ಯವಾದ.'

ಅಷ್ಟೇನಾ?

ಪರೀಕ್ಷೆಯ ಹಿಂದಿನ ದಿನ ರಾರೊಟೊಂಗಾಕ್ಕೆ ಚಂಡಮಾರುತ ಅಪ್ಪಳಿಸಿತು. ಕರೆಂಟಿಲ್ಲ, ಇಂಟರ್‌ನೆಟ್ ಇಲ್ಲ, ಮೊಬೈಲ್ ಇಲ್ಲ. ಕೆಲೆರಾ ಮೆತುವಾನ ನಂಬರನ್ನು ಮತ್ತೆ ಮತ್ತೆ ಒತ್ತಿದಳು. ಅವನು ಹೇಗಿದ್ದಾನೋ? ಪರೀಕ್ಷೆ ತಪ್ಪಿತೆಂದು ಆ ಒಂಬತ್ತು ಜನ ಎಷ್ಟು ಒದ್ದಾಡುತ್ತಿದ್ದಾರೋ?

ಕೂತು ಅಳುವ ಜಾಯಮಾನದವಳಲ್ಲ ಅವಳು. ಆ ದ್ವೀಪದ ರೇಡಿಯೊ ಕೇಂದ್ರದ ಹಳೇ ಫೋನ್ ನಂಬರು ಹುಡುಕಿ, ನಲವತ್ತು ಸಲ ಒತ್ತಿ, ಕೊನೆಗೆ ಸಿಕ್ಕವರಿಗೆ ನೋಟೀಸು ಬರೆಸಿದಳು. ಗಾಳಿಯ ಎಚ್ಚರಿಕೆಯ ನಡುವೆ ಅವರು ಅದನ್ನು ದಿನಕ್ಕೆ ಮೂರು ಸಲ ಓದಿದರು: 'ಪ್ರೋಗ್ರಾಮಿಂಗ್ ವಿದ್ಯಾರ್ಥಿಗಳೇ, ನಿಮ್ಮ ಪರೀಕ್ಷೆ ಎಲ್ಲಿಗೂ ಹೋಗಿಲ್ಲ. ಮೊದಲು ಮನೆ ಮಠ, ಮಕ್ಕಳನ್ನು ನೋಡಿಕೊಳ್ಳಿ. ನಿಮಗಾಗಿ ಇನ್ನೊಂದು ಪರೀಕ್ಷೆ ಇಡುತ್ತೇವೆ.'

ಐದನೇ ದಿನ ಸಂಪರ್ಕ ಬಂತು. ಎಲ್ಲರೂ ಕ್ಷೇಮ. ಆದರೆ ಮೆತುವಾನ ಫೋನ್ ಬರಲಿಲ್ಲ. ಬಂದದ್ದು ಪ್ರೊಫೆಸರಿಗೆ ಒಂದು ಪತ್ರ: 'ನಾನು ಸುವಾಕ್ಕೆ ಬರುತ್ತಿಲ್ಲ.'

ಬರುವವರ ಪಟ್ಟಿಯನ್ನು ನೋಟೀಸಿನಲ್ಲಿ ಹಾಕಬೇಕಾದವಳು ಇವಳೇ. ಹನ್ನೊಂದು ಹೆಸರು ಟೈಪು ಮಾಡುವಷ್ಟರಲ್ಲಿ ಕಣ್ಣು ಮಂಜಾಯಿತು. ಇಡೀ ಸಮುದ್ರಕ್ಕೆ ಸುದ್ದಿ ಮುಟ್ಟಿಸುವವಳಿಗೆ ತನ್ನ ಸುದ್ದಿ ಮಾತ್ರ ಬೇರೆಯವರಿಂದ ತಿಳಿಯಿತು!

ಎರಡು ದಿನ ಅವಳೂ ಫೋನ್ ಮಾಡಲಿಲ್ಲ. ಊಟವೂ ಅಷ್ಟಕ್ಕಷ್ಟೆ.

"ಅವನನ್ನ ಕೇಳಿದ್ಯೇನೆ?" ಅಜ್ಜಿ ಚಾಪೆ ಹೆಣೆಯುತ್ತಲೇ ಅಂದಳು.

"ಯಾರನ್ನ?"

"ಅಯ್ಯೋ ನನ್ ಬಂಗಾರಿ! ನಂಗೆ ಕಣ್ಣು ಮಂದ, ಕಿವಿ ಚೆನ್ನಾಗೇ ಇದೆ. ದಿನಾ ಇಪ್ಪತ್ತು ನಿಮಿಷ ನಗ್ತಿದ್ಯಲ್ಲ, ಅವನನ್ನ."

"ನಾನ್ಯಾಕೆ ಕೇಳ್ಲಿ ಅಜ್ಜೀ? ಬರೋದಿಲ್ಲ ಅಂದವನು ಅವನು."

"ಕೇಳೋಕೆ ನಾಚ್ಕೋಬೇಡಿ ಅಂತ ಊರಿಗೆಲ್ಲ ಬರೀತೀಯ. ಊರಿಗೆ ಉಪದೇಶ, ನಿನಗೆ ಇಲ್ಲ."

ಮಾತು ನಾಟಿತು. ಕೆಲೆರಾ ಅಂಗಳಕ್ಕೆ ಹೋಗಿ ಫೋನ್ ಮಾಡಿದಳು.

"ಯಾಕೆ ಬರ್ತಿಲ್ಲ?"

ಅವನೆಂದ, "ಮುಂದಿನ ವಾರ ಇವರಿಗೆ ಪರೀಕ್ಷೆ ಅಲ್ವಾ? ವಾಯ್ನೆ ಮನೆ ಹಂಚು ಹಾರಿಹೋಗಿದೆ, ಪುಸ್ತಕ ಎಲ್ಲ ನೆನೆದುಹೋಗಿದೆ. ಒಂಬತ್ತು ಜನಕ್ಕೂ ಮತ್ತೆ ಪಾಠ ಹೇಳಬೇಕು. ಬಿಟ್ಟು ಹೇಗೆ ಬರ್ಲಿ?"

ಒಳ್ಳೆಯ ಕಾರಣ. ಅದಕ್ಕೇ ಅವಳಿಗೆ ಇನ್ನೂ ನೋವಾಯಿತು. "ನಂಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

"ನಿಂಗೆ ಅದು ಅಷ್ಟು ಮುಖ್ಯ ಅಂತ... ಗೊತ್ತಿರ್ಲಿಲ್ಲ."

"ಏನು? ದಿನ ಎಣಿಸ್ತಿದ್ದೀನಿ ಅಂತ ಬರ್ದಿದ್ನಲ್ಲೋ!"

"ಹನ್ನೆರಡು ಜನಕ್ಕೆ ಬರ್ದಿದ್ದೆ ಕೆಲೆರಾ. ಟೋಂಗಾದವನ ಉತ್ತರಾನೂ ನೋಡಿದೆ. ಅವನಿಗೂ ಅದೇ ಸಾಲು, ನಂಗೂ ಅದೇ ಸಾಲು. ನೀನು ಎಲ್ಲರ ಹತ್ರಾನೂ ಪ್ರೀತಿಯಿಂದಾನೇ ಮಾತಾಡ್ತೀಯ. ಅದ್ರಲ್ಲಿ ನಂದು ಎಷ್ಟು ಅಂತ ನಾನು ಹೇಗೆ ತಿಳ್ಕೊಳ್ಲಿ?"

ಅವಳಿಗೆ 'ಎಲ್ಲವೂ ನಿಂದೇ ಕಣೋ' ಎನ್ನಬೇಕೆನಿಸಿತು. ಆದರೆ "ಇಡ್ತೀನಿ," ಎಂದು ಇಟ್ಟುಬಿಟ್ಟಳು.

ಮರುದಿನ ಪ್ರೊಫೆಸರ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ರಾರೊಟೊಂಗಾದ ಪರೀಕ್ಷೆಗೆ ಇಲ್ಲಿಂದ ಒಬ್ಬರನ್ನ ಕಳಿಸ್ಬೇಕು. ಪಾಠ ಹೇಳಿದವನೇ ಕಾವಲು ಕೂರೋ ಹಾಗಿಲ್ಲ. ಆಗಲೇ ಮೂರು ಜನ ಹೆಸರು ಕೊಟ್ಟಿದ್ದಾರೆ."

"ನಾನು ಹೋಗ್ತೀನಿ ಸರ್."

"ಆಕ್ಲೆಂಡ್ ಸುತ್ತಿಕೊಂಡು ಹೋಗ್ಬೇಕಮ್ಮ. ನಿಂಗೆ ವಿಮಾನ ಅಂದ್ರೆ ಭಯ ಅಲ್ವಾ?"

"ತುಂಬಾ ಭಯ ಸರ್. ಆದ್ರೂ ನಾನೇ ಹೋಗ್ತೀನಿ."

ಪ್ರೊಫೆಸರಿಗೆ ಏನರ್ಥವಾಯಿತೋ, ಮೀಸೆಯೊಳಗೇ ನಕ್ಕು ಸಹಿ ಹಾಕಿದರು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಅವನು ನಿಂತಿದ್ದ. ಫೋನಿನ ದನಿಗೆ ಅವಳು ಕಲ್ಪಿಸಿಕೊಂಡಿದ್ದಕ್ಕಿಂತ ಕುಳ್ಳಗೆ, ದುಂಡಗೆ. ಚಂಡಮಾರುತದಲ್ಲಿ ಮಾಡು ಕಟ್ಟಲು ಹೋಗಿ ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ. ಬೆಳ್ಳನೆಯ ಹೂವಿನ ಹಾರವನ್ನು ಅವಳ ಕೊರಳಿಗೆ ಹಾಕಿ, "ಪ್ರಯಾಣ ಚೆನ್ನಾಗಿತ್ತಾ?" ಎಂದು ನೆಲ ನೋಡಿದ.

"ಹೂಂ," ಎಂದಳು ಅವಳು. ವಿಮಾನದಲ್ಲಿ ಪಕ್ಕದ ಮುದುಕಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳೆಂದು ಹೇಳಲಿಲ್ಲ.

ಪಕ್ಕದಲ್ಲಿ ಇಳಿದ ಪ್ರವಾಸಿಗಳ ಕೊರಳಿಗೂ ಅಂಥದ್ದೇ ಹಾರ ಬೀಳುತ್ತಿತ್ತು. ಬಂದವರಿಗೆಲ್ಲ ಹಾರ ಹಾಕುವ ಊರು ಅದು.

ಮರುದಿನ ಪರೀಕ್ಷೆ. ಒಂಬತ್ತು ಕಂಪ್ಯೂಟರು, ಒಂಬತ್ತು ಜನ, ಮೂರು ಗಂಟೆ. ಮೆತುವಾ ಒಳಗೆ ಬರುವಂತಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು, ಎದ್ದು, ಮತ್ತೆ ಕೂತು ಒದ್ದಾಡುತ್ತಿದ್ದ. ಕಿಟಕಿಯಿಂದ ಕೆಲೆರಾ ಎಲ್ಲ ನೋಡಿದಳು. ತನ್ನವರಿಗಾಗಿ ಹೀಗೆ ಒದ್ದಾಡುವವನನ್ನು ಬಿಟ್ಟು ತಾನಿನ್ನು ಯಾರನ್ನೂ ಒಪ್ಪಲಾರೆ ಎಂದು ಅವಳಿಗೆ ಆಗಲೇ ಖಚಿತವಾಯಿತು.

ಮೊದಲು ಹೊರಗೆ ಬಂದವಳು ವಾಯ್ನೆ.

"ಓಡ್ತು ಮೆತುವಾ! ಮೊದಲನೇ ಸಲಕ್ಕೇ ಓಡ್ತು ನನ್ನ ಪ್ರೋಗ್ರಾಮು!" ಎಂದು ಅವನ ಬೆನ್ನಿಗೆ ಗುದ್ದಿದಳು. ಮಿಕ್ಕವರೂ ಗಲಗಲ ಮಾತಾಡುತ್ತ ಚದುರಿದರು. ಮೆಟ್ಟಿಲ ಮೇಲೆ ಉಳಿದವರು ಇಬ್ಬರೇ.

"ಒಂದು ಕೇಳ್ಲಾ?" ಕೆಲೆರಾ ಅಂದಳು. "ನಿನ್ನೆ ಎಲ್ಲರಿಗೂ ಹಾರ ಹಾಕಿದ್ರಲ್ಲ. ನಂಗೆ ಹಾಕಿದ್ದು ಮರ್ಯಾದೆಗಾ? ಪ್ರೀತಿಗಾ? ನಾನು ಹೇಗೆ ತಿಳ್ಕೊಳ್ಲಿ?"

ಅವನು ತಬ್ಬಿಬ್ಬಾದ. "ಅದು ನಾನೇ ಕಟ್ಟಿದ್ದು. ಬೆಳಿಗ್ಗೆ ಐದಕ್ಕೆ ಎದ್ದು... ಮೂರು ಸಲ ಬಿಚ್ಚಿ ಕಟ್ಟಿದೆ. ಈ ಬೆರಳಲ್ಲಿ ದಾರ ನಿಲ್ತಿರ್ಲಿಲ್ಲ."

"ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ?"

"ಹೌದು ನೋಡು, ನಂಗೂ ಹಾಗೇ ಆಗಿತ್ತು!" ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಆ ಸಾಲು ನಿನಗೊಬ್ಬನಿಗೇ ಬರೆದದ್ದು ಮೆತುವಾ. ಕಳಿಸೋಕೆ ಹೆದರಿಕೆ ಆಯ್ತು. ಅದಕ್ಕೇ ಹನ್ನೊಂದು ಜನರನ್ನ ಅಡ್ಡ ನಿಲ್ಲಿಸ್ದೆ. ಇಲ್ಲಿಗೆ ಬರೋಕೆ ಬೇರೆ ಮೂರು ಜನ ಇದ್ರು. ನಾನೇ ಕೇಳ್ಕೊಂಡು ಬಂದೆ. ನಿನ್ನನ್ನ ನೋಡೋಕೆ. ನಿನ್ನ ಕಂಡ್ರೆ ನಂಗಿಷ್ಟ. ತುಂಬಾ ಇಷ್ಟ... ಸಾಕಾ? ಇನ್ನೂ ಸುಲಭ ಮಾಡಿ ಹೇಳ್ಬೇಕಾ?"

ಅವನು ಪಟ್ಟಿ ಸುತ್ತಿದ ಬೆರಳುಗಳಿಂದ ಅವಳ ಕೈ ಹಿಡಿದುಕೊಂಡ.

"ಮನೆಗೆ ಊಟಕ್ಕೆ ಬಾ," ಎಂದ. "ಅಮ್ಮ ಬೆಳಿಗ್ಗೆಯಿಂದ ಕೆಸುವಿನೆಲೆ ಬೇಯಿಸ್ತಿದ್ದಾಳೆ. ಚಿಕ್ಕಮ್ಮಂದಿರೂ ಬಂದಿದ್ದಾರೆ."

"ಯಾಕೆ? ಅವರಿಗೆ ನನ್ನ ಬಗ್ಗೆ ಏನಂತ ಹೇಳಿದ್ದೀಯ?"

"ಇವಳನ್ನೇ ಮದುವೆ ಆಗ್ತೀನಿ ಅಂತ. ಒಂದು ತಿಂಗಳಾಯ್ತು ಹೇಳಿ."

"ಒಂದು ತಿಂಗಳು!" ಅವಳು ಅವನ ಭುಜಕ್ಕೆ ಒಂದು ಕೊಟ್ಟಳು. "ಅಮ್ಮನಿಗೆ ಹೇಳೋಕೆ ಧೈರ್ಯ ಇತ್ತು, ನಂಗೆ ಹೇಳೋಕೆ ಇರ್ಲಿಲ್ವಾ ಕಳ್ಳಾ?"

"ಅಮ್ಮ ಬೇಡ ಅನ್ನಲ್ಲ ಅಂತ ಗೊತ್ತಿತ್ತು."

ಕೆಲೆರಾ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮೆಲ್ಲಗೆ, ಅವನೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ ಅಂದಳು:

"ನಾನೂ ಅನ್ನಲ್ಲ ಕಣೋ."